ಅಪರಾಧಿ ಕಡಲೊಂದೇ ಅಲ್ಲ

ಮಳೆಗಾಲ ಬಂತೆಂದರೆ ಉಳ್ಳಾಲ, ಸೋಮೇಶ್ವರ, ಉಚ್ಚಿಲಗಳ ತೀರದಲ್ಲಿ ಒಂದೇ ನಾಟಕದ ಪುನರಾವರ್ತನೆಯಾಗುತ್ತದೆ. ಮನೆಗಳು ಕುಸಿಯುತ್ತವೆ, ತೆಂಗಿನ ಮರಗಳು ಉರುಳುತ್ತವೆ, ಜನಪ್ರತಿನಿಧಿಗಳು ಧಾವಿಸುತ್ತಾರೆ, ಲಾರಿಗಟ್ಟಲೆ ಕಲ್ಲು ಕಡಲಿಗೆ ಬೀಳುತ್ತದೆ. ಈಚಿನ ವರ್ಷಗಳಲ್ಲಿ ಈ ನಾಟಕಕ್ಕೆ ಹೊಸ ಸಂಭಾಷಣೆಯೊಂದು ಸೇರಿಕೊಂಡಿದೆ: ಜಗತ್ತಿನ ತಾಪ ಏರುತ್ತಿದೆ, ಸಮುದ್ರ ಉಕ್ಕುತ್ತಿದೆ, ನಾವೇನು ಮಾಡಲಾದೀತು? ಇತ್ತ ಕೆಲವು ಮಿಂಬರ್‌ಗಳಿಂದ ಇನ್ನೊಂದು ತೀರ್ಪು: ಇದು ಜನರ ಪಾಪಗಳಿಗೆ ದೊರೆತ ಶಿಕ್ಷೆ. ಎರಡೂ ಮಾತುಗಳ ಫಲ ಒಂದೇ. ಮನೆ ಕಳಕೊಂಡ ಬಡ ಮೀನುಗಾರನಿಗೆ ಪ್ರಶ್ನಿಸಲು ಯಾರೂ ಉಳಿಯುವುದಿಲ್ಲ.

ಸಮುದ್ರ ಏರುತ್ತಿರುವುದು ನಿಜವೇ? ನಿಜ. ಆದರೆ ಎಷ್ಟು ಏರುತ್ತಿದೆ ಎಂದು ಕೇಳುವವರು ವಿರಳ. ಉತ್ತರ ಭಾಷಣದಲ್ಲಿಲ್ಲ, ಬಂದರುಗಳ ಉಬ್ಬರವಿಳಿತ ಮಾಪಕಗಳಲ್ಲಿದೆ. ಹಳೆಯ ಮಾಪಕದ ರಚನೆ ಸರಳ. ಬಂದರಿನ ಕಟ್ಟೆಯಲ್ಲಿ ಒಂದು ಕಿರು ಬಾವಿ. ಸಣ್ಣ ರಂಧ್ರದಿಂದ ನೀರು ಒಳಬರುವುದರಿಂದ ಅಲೆಯ ಹೊಡೆತ ಒಳಗೆ ತಟ್ಟದು. ನೀರಿನೊಂದಿಗೆ ಏರಿಳಿಯುವ ತೇಲುಗುಂಡಿಗೆ ಜೋಡಿಸಿದ ಲೇಖನಿ ಕಾಗದದ ಮೇಲೆ ಗೆರೆ ಎಳೆಯುತ್ತದೆ. ಮುಂಬೈಯ ಅಪೊಲೊ ಬಂದರಿನ ದಾಖಲೆ 1878ರಿಂದ, ಕೊಚ್ಚಿಯದು 1939ರಿಂದ ಲಭ್ಯವಿದೆ.

ಇಷ್ಟು ದೀರ್ಘ ದಾಖಲೆ ಏಕೆ ಬೇಕು? ಕಡಲು ದಿನಕ್ಕೆ ಎರಡು ಬಾರಿ ಏರಿಳಿಯುತ್ತದೆ. ಮುಂಗಾರಿನ ಗಾಳಿಗೆ ಅದರ ಮಟ್ಟ ಬದಲಾಗುತ್ತದೆ. ಚಂದ್ರನ ಕಕ್ಷೆಯ ಓಲಾಟದ ಪ್ರಭಾವವೊಂದು ಪೂರ್ಣವಾಗಲು 18.6 ವರ್ಷ ಬೇಕು. ಹತ್ತು ವರ್ಷದ ಅಂಕಿಗಳನ್ನು ಆಯ್ದುಕೊಂಡರೆ ಕಡಲು ಇಳಿಯುತ್ತಿದೆಯೆಂದೂ ವಾದಿಸಬಹುದು, ಭಯಂಕರವಾಗಿ ಏರುತ್ತಿದೆಯೆಂದೂ ವಾದಿಸಬಹುದು. ಅದಲ್ಲದೆ ಮಾಪಕ ನಿಂತಿರುವುದು ನೆಲದ ಮೇಲೆ. ನೆಲವೇ ಕುಸಿದರೆ ಕಾಗದದಲ್ಲಿ ಕಡಲು ಏರಿದಂತೆ ಕಾಣುತ್ತದೆ.

ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳಾದ ಎ.ಎಸ್. ಉಣ್ಣಿಕೃಷ್ಣನ್ ಮತ್ತು ಡಿ. ಶಂಕರ್ 2007ರಲ್ಲಿ ಪ್ರಕಟಿಸಿದ ಅಧ್ಯಯನವು 40 ವರ್ಷಕ್ಕಿಂತ ದೀರ್ಘವಾದ ದಾಖಲೆಗಳನ್ನೇ ಆಧರಿಸಿತ್ತು. ಉತ್ತರ ಹಿಂದೂ ಮಹಾಸಾಗರದ ತೀರಗಳಲ್ಲಿ ಕಡಲು ವರ್ಷಕ್ಕೆ 1.06ರಿಂದ 1.75 ಮಿಲಿಮೀಟರ್, ಸರಾಸರಿ 1.29 ಮಿಲಿಮೀಟರ್ ಏರಿದೆ ಎಂದು ಅವರು ಲೆಕ್ಕ ಹಾಕಿದರು. ಬಂಗಾಳದ ಡೈಮಂಡ್ ಹಾರ್ಬರ್‌ನಲ್ಲಿ ಮಾತ್ರ 5.74 ಮಿಲಿಮೀಟರ್, ಗಂಗೆಯ ಮುಖಜಭೂಮಿಯ ಕುಸಿತವೂ ಅದರಲ್ಲಿ ಸೇರಿದೆ. ಬಳಿಕ ಏರಿಕೆಯ ವೇಗ ಹೆಚ್ಚಿದೆ. 2006ರಿಂದ 2018ರ ಅವಧಿಯಲ್ಲಿ ಜಾಗತಿಕ ಸರಾಸರಿ ವರ್ಷಕ್ಕೆ 3.7 ಮಿಲಿಮೀಟರ್ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ 2021ರಲ್ಲಿ ಹೇಳಿತು.

ಈ ಅಂಕಿಗಳು ಎರಡು ಬಗೆಯ ಸುಳ್ಳನ್ನು ಏಕಕಾಲಕ್ಕೆ ಬಯಲಿಗೆಳೆಯುತ್ತವೆ. ಕಡಲು ಏರುತ್ತಿಲ್ಲ ಎನ್ನುವವನು ಸುಳ್ಳುಗಾರ. 1901ರಿಂದ 2018ರೊಳಗೆ ಅದು ಜಾಗತಿಕವಾಗಿ ಸುಮಾರು 20 ಸೆಂಟಿಮೀಟರ್ ಏರಿದೆ, ಅಷ್ಟೇ ಎತ್ತರದಿಂದ ಅಲೆಗಳು ಇಂದು ದಡಕ್ಕೆ ಬಡಿಯುತ್ತಿವೆ. ಆದರೆ ವರ್ಷಕ್ಕೆ ಮೂರ್ನಾಲ್ಕು ಮಿಲಿಮೀಟರ್ ಏರುವ ಕಡಲು ಒಂದೇ ಮಳೆಗಾಲದಲ್ಲಿ ಅಂಗಳ, ಮನೆ, ರಸ್ತೆಗಳನ್ನು ತಾನೊಂದೇ ನುಂಗಿತು ಎನ್ನುವವನೂ ಸತ್ಯವಂತನಲ್ಲ. ನೇತ್ರಾವತಿ-ಗುರುಪುರ ಅಳಿವೆಬಾಗಿಲಿನಲ್ಲಿ ಕಲ್ಲಿನ ದಂಡೆ ಕಟ್ಟಿದವರಾರು? ದಡಕ್ಕೆ ಸೇರಬೇಕಾದ ಮರಳನ್ನು ನದಿಯೊಡಲಿನಿಂದ ಬಗೆದು ಮಾರಿದವರಾರು? ಒಂದು ಕಡೆ ತಡೆಗೋಡೆ ಕಟ್ಟಿ ಕೊರೆತವನ್ನು ಪಕ್ಕದ ಊರಿಗೆ ದಾಟಿಸಿದವರಾರು? ಹವಾಮಾನ ಬದಲಾವಣೆಯು ಇಂದು ಇವರೆಲ್ಲರ ಪಾಲಿಗೆ ಜಾಮೀನು ಪತ್ರವಾಗಿಬಿಟ್ಟಿದೆ. ಕಡಲ ಏರಿಕೆಯ ಬಗ್ಗೆ ಸರಕಾರಕ್ಕೆ ಅಷ್ಟು ಆತಂಕವಿದ್ದರೆ, 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಲ್ಲಿ ಜನದಟ್ಟಣೆಯ ಗ್ರಾಮೀಣ ತೀರಗಳ ಅಭಿವೃದ್ಧಿ ನಿಷೇಧ ವಲಯವನ್ನು 200 ಮೀಟರ್‌ನಿಂದ 50 ಮೀಟರ್‌ಗೆ ಇಳಿಸಿದ್ದೇಕೆ?

ಸಮುದಾಯಕ್ಕೂ ನಾವು ಒಂದು ಮಾತು ಹೇಳಬೇಕಾಗಿದೆ. ಅಳತೆ, ತೂಕಗಳಲ್ಲಿ ವಂಚಿಸಬಾರದೆಂಬ ಕುರ್‌ಆನಿನ ಆಜ್ಞೆಯನ್ನು ನಾವು ಅಂಗಡಿಯ ತಕ್ಕಡಿಗೆ ಸೀಮಿತಗೊಳಿಸಿದ್ದೇವೆ. ಸಾರ್ವಜನಿಕ ಸತ್ಯವನ್ನು ಅಳೆಯುವುದೂ ಒಂದು ಅಮಾನತ್ತಲ್ಲವೇ? ಮಂಗಳೂರಿನ ಬಂಗಲೆ ಸುರಕ್ಷಿತವಾಗಿದ್ದು ತೀರದ ಗುಡಿಸಲು ಕೊಚ್ಚಿಹೋದರೆ, ಪಾಪಿ ಗುಡಿಸಲಿನವನೇ ಎಂದು ತೀರ್ಮಾನಿಸುವ ಅಧಿಕಾರವನ್ನು ಖತೀಬರಿಗೆ ಕೊಟ್ಟವರಾರು? ಮರಳು ಮಾರಿದವನು ಜುಮಾದ ಮೊದಲ ಸಾಲಿನಲ್ಲೇ ಕುಳಿತಿದ್ದರೆ ಖುತ್ಬಾ ಅವನ ಕಡೆ ತಿರುಗುವ ಧೈರ್ಯ ತೋರೀತೇ?

ನವಮಂಗಳೂರು ಬಂದರು ಕಾರ್ಯಾರಂಭ ಮಾಡಿದ್ದೇ 1970ರ ದಶಕದಲ್ಲಿ. ಅಲ್ಲಿನ ದಾಖಲೆ ಮುಂಬೈಯದರ ಅರ್ಧದಷ್ಟೂ ಇರಲಾರದು. ಆದ್ದರಿಂದ ಅದರ ಒಂದು ದಿನವೂ ತಪ್ಪಬಾರದು. ಮಾಪಕದ ಪಕ್ಕದಲ್ಲೇ ನೆಲದ ಏರಿಳಿತವನ್ನೂ ಅಳೆಯಬೇಕು, ಅಂಕಿಗಳು ಸರಳ ಕನ್ನಡದಲ್ಲಿ ಪಂಚಾಯತಿನ ಫಲಕಕ್ಕೆ ಬರಬೇಕು. ಕಲ್ಲು ಸುರಿಯುವ ಪ್ರತಿ ಕಾಮಗಾರಿಗೂ ಮುನ್ನ, ಈ ಕೊರೆತದಲ್ಲಿ ಕಡಲಿನ ಪಾಲೆಷ್ಟು, ಮನುಷ್ಯರ ಪಾಲೆಷ್ಟು ಎಂಬ ಲೆಕ್ಕವನ್ನು ಇಲಾಖೆ ಬಹಿರಂಗವಾಗಿ ಕೊಡಬೇಕು. ಮೊಗವೀರರೂ ಬ್ಯಾರಿಗಳೂ ಒಂದೇ ದಡದಲ್ಲಿ ಮನೆ ಕಳಕೊಳ್ಳುತ್ತಿರುವಾಗ ಈ ಬೇಡಿಕೆಯನ್ನು ಮಸೀದಿಯೂ ಭಜನಾ ಮಂದಿರವೂ ಒಟ್ಟಾಗಿಯೇ ಮುಂದಿಡಬೇಕು. ಲೆಕ್ಕ ಕೇಳದ ಜನರಿಗೆ ಸರಕಾರ ಕೊಡುವುದು ಕಲ್ಲನ್ನು ಮಾತ್ರ.