ಜಂಗ ಹಿಡದ ಬೋಲ್ಟಿಗೆ ಒಂದು ರಾತ್ರಿ ಟೈಮ್ ಕೊಡ್ರಿ

ಗ್ಯಾರೇಜಿನವರು "ಸೈಲೆನ್ಸರ್ ಬೋಲ್ಟ್ ಜಂಗ ಹಿಡದು ಕೂತಾವ್ರಿ, ಗಾಡಿ ಇವತ್ತು ಇಲ್ಲೇ ಬಿಡ್ರಿ, ನಾಳೆ ಬಿಚ್ಚತೇನಿ" ಅಂದ್ರ ನಮ್ಮ ಮಂದಿಗೆ ಮೊದಲು ಬರೋ ವಿಚಾರ ಒಂದ. ಇವ ರೊಕ್ಕ ಎಳಿಲಿಕ್ಕೆ ನಾಟಕ ಮಾಡ್ಲಿಕ್ಕತ್ತಾನ! ಎರಡು ಬೋಲ್ಟ್ ತೆಗಿಲಿಕ್ಕೆ ಎರಡು ದಿವಸ ಯಾಕ ಬೇಕು?

ನನಗ ಕೇಳಿದ್ರ, ಹಂಗ ಅಂದವನ ಖರೇ ಕೆಲಸ ಬಲ್ಲವ. "ಈಗ ತೆಗದು ಒಗಿತೇನಿ" ಅಂತ ಪಾನಾಕ್ಕ ಉದ್ದನ್ನ ಪೈಪ್ ಸಿಗಿಸಿ ಜೋತು ಬೀಳವನ್ನ ನೋಡಿ ಅಂಜಬೇಕು. ಈಗ ನಮ್ಮ ವೈನಿಗೋಳು, ಬಾಜೂ ಮನಿ ಅಕ್ಕಾರು ಎಲ್ಲಾರೂ ಗಾಡಿ ಹೊಡಿತಾರ, ಗ್ಯಾರೇಜಿಗೂ ತಾವ ಹೋಗ್ತಾರ. ಅದಕ್ಕ ಈ ಮಾತು ನಮಗೂ ಗೊತ್ತಿರಬೇಕು.

ಬೋಲ್ಟ್ ಯಾಕ ಕೂಡ್ತದ ಅನ್ನೋದು ತಿಳದ್ರ ಅರ್ಧ ಜಗಳ ಮುಗೀತದ. ಗಾಡ್ಯಾಗ ಸೈಲೆನ್ಸರ್ ಸಾಲಿನಷ್ಟು ಕಷ್ಟಪಡೋ ಭಾಗ ಬ್ಯಾರೆ ಇಲ್ಲ. ಎಂಜಿನ್ ಬಾಯಾಗ ಹೊರಗ ಬರೋ ಹೊಗಿ 500 ಡಿಗ್ರಿ ದಾಟ್ತದ. ಅಷ್ಟು ಕಾದ ಪೈಪಿಗೆ ಮಳಿನೀರು, ರಸ್ತೆ ರಾಡಿ ಸಿಡಿತದ. ಕಾಯೋದು, ಆರೋದು, ತೋಯೋದು, ದಿನಾ ಇದ ನಡದಿರ್ತದ. ಕಾರವಾರ, ಕುಮಟಾ ಕಡೆ ಇರೋರಿಗಂತೂ ಸಮುದ್ರದ ಉಪ್ಪಿನ ಗಾಳಿ ಬ್ಯಾರೆ. ಕಬ್ಬಿಣ ಜಂಗ ಆದಾಗ ಮೊದಲಿನಕಿಂತ ಜಾಸ್ತಿ ಜಾಗ ತಗೋತದ. ಬೋಲ್ಟಿನ ಮರಿ ಮತ್ತ ನಟ್ಟಿನ ಮರಿ ನಡುವ ಇರೋದ ಕೂದಲೆಳಿಯಷ್ಟು ಸಂದಿ. ಅದರಾಗ ಜಂಗ ತುಂಬಿ ಉಬ್ಬಿದ್ರ ಎರಡೂ ಒಂದ ಆಗಿ ಕೂಡ್ತಾವ. ಅದಕ್ಕ ಬರೇ ತೋಳಿನ ಬಲ ಹಾಕಿದ್ರ ಬಿಚ್ಚೂದಿಲ್ಲ, ಮುರಿತದ.

ಬಿಚ್ಚೋ ಯುಕ್ತಿ ನಮಗ ಗೊತ್ತಿಲ್ಲದ್ದೇನಲ್ಲ. ಒಂದ ಅಳತೀ ಎರಡು ಸ್ಟೀಲ್ ವಾಟಗ ಒಂದರಾಗೊಂದು ಸಿಕ್ಕೊಂಡ್ರ ಏನ ಮಾಡ್ತೇವಿ? ಒಳಗಿನ ವಾಟಗದಾಗ ತಣ್ಣೀರು ಹಾಕಿ, ಹೊರಗಿಂದು ಬಿಸಿನೀರಾಗ ಇಡ್ತೇವಿ. ಹೊರಗಿಂದು ಹಿಗ್ಗತದ, ಒಳಗಿಂದು ಸಡ್ಲ ಆಗ್ತದ. ಮೆಕ್ಯಾನಿಕ್ ಗ್ಯಾಸಿನ ಉರಿ ಹಿಡದು ನಟ್ ಕಾಸೋದೂ ಅದ ಲೆಕ್ಕ. ಆದ್ರ ಅದು ಅವನ ಕೆಲಸ, ನಮ್ಮದಲ್ಲ. ಹತ್ತರದಾಗ ಪೆಟ್ರೋಲ್ ಪೈಪು, ವೈರು, ರಬ್ಬರು ಇರ್ತಾವ.

ಉರಿಕಿಂತ ಮೊದಲಿನ ಕೆಲಸ ಎಣ್ಣಿ. ತಂತಿ ಬ್ರಶ್ಶಿನಿಂದ ಜಂಗ ತಿಕ್ಕಿ, ಗಾಡಿ ತಣ್ಣಗಾದ ಮ್ಯಾಲೆ ತೆಳ್ಳನ್ನ ಜಂಗಬಿಡಿಸೋ ಎಣ್ಣಿ ಹೊಡದು ರಾತ್ರಿ ಬಿಡಬೇಕು. ಕಾದ ಪೈಪಿಗೆ ಎಣ್ಣಿ ಹೊಡದ್ರ ಹೊಗಿ ಏಳ್ತದ, ಬೆಂಕಿನೂ ಹತ್ತಬಹುದು. ಎಲ್ಲಾರ ಮನ್ಯಾಗೂ ಇರೋ ಆ ಡಬ್ಲ್ಯೂಡಿ-40 ಡಬ್ಬಿ 1953ರಾಗ ಅಮೆರಿಕಾದಾಗ ತಯಾರಾಗಿದ್ದು ನೀರು ದೂಡಲಿಕ್ಕೆ. ಅದರ ಹೆಸರಿನ ಅರ್ಥನೂ ಅದ: ನೀರು ದೂಡೋ ಔಷಧ, 40ನೇ ಸಲದ ಪ್ರಯತ್ನ. ಬಾಗಲದ ಕೀಲಿಗೆ ಅದು ನಡೀತದ, ಆದ್ರ ವರ್ಷಾನುಗಟ್ಟಲೆ ಕೂತ ಬೋಲ್ಟಿಗೆ ಸಂದಿ ಹೊಕ್ಕು ಇಳಿಯೋ ಎಣ್ಣಿನ ಬೇಕು.

ಮರುದಿನ ಬೋಲ್ಟಿನ ತಲಿಗೆ ಸುತ್ಗಿಲೆ ಸಣ್ಣ ಸಣ್ಣ ಪೆಟ್ಟು. ಆರು ಮೂಲಿ ಸರಿಯಾಗಿ ಹಿಡಿಯೋ ಬಾಕ್ಸ್ ಪಾನಾ. ಹನ್ನೆರಡು ಮೂಲಿ ಪಾನಾ ಜಾರಿ ತಲಿ ದುಂಡಗ ಮಾಡಿಬಿಡ್ತದ. ಮೊದಲು ಜರಾ ಬಿಗಿ ಕಡೆ, ಆಮ್ಯಾಲೆ ಸಡ್ಲ ಕಡೆ. ಕಾಲು ಸುತ್ತು ಮುಂದ, ಅರ್ಧದಷ್ಟು ಹಿಂದ, ಮತ್ತ ಎಣ್ಣಿ. ನೋಡಲಿಕ್ಕೆ ಬ್ಯಾಸರಾಗೋ ಕೆಲಸ. ಆದ್ರ ಬೋಲ್ಟ್ ಹೊರಗ ಬರೋದು ಈ ಬ್ಯಾಸರದಿಂದನ.

ಹಂಗಂತ ಎಲ್ಲಾ ಬೋಲ್ಟಿಗೂ ಇಷ್ಟು ಉಪಚಾರ ಬೇಕು ಅಂತ ನಾ ಹೇಳೂದಿಲ್ಲ. ಪೈಪಿಗೂ ಪೈಪಿಗೂ ಜೋಡಿಸೋ ಕಡೆ ಇರೋ ಬೋಲ್ಟ್ ಕೊರದು ತೆಗದು ಹೊಸಾದು ಹಾಕಬಹುದು. ಅಲ್ಲಿ ಎರಡು ದಿವಸ ಕೇಳಿದ್ರ ನಾವೂ ಯಾಕ ಅಂತ ಕೇಳಬೇಕು. ಆದ್ರ ಎಂಜಿನ್ನಿನ ತಲಿಯೊಳಗ ಹೊಕ್ಕ ಬೋಲ್ಟಿನ ಕಥಿ ಬ್ಯಾರೆ. ಈಗಿನ ಬಹಳಷ್ಟು ಗಾಡ್ಯಾಗ ಆ ತಲಿ ಅಲ್ಯೂಮಿನಿಯಮ್ಮಿಂದು, ಮೆತ್ತಗ. ಬೋಲ್ಟ್ ಒಳಗ ಮುರದ್ರ ಡ್ರಿಲ್ ಹೊಡದು ತೆಗಿಬೇಕು. ಡ್ರಿಲ್ ಜರಾ ಸೊಟ್ಟ ಹೋತಂದ್ರ ಮರಿ ಕೆಡ್ತದ, ಕೆಲವೊಮ್ಮೆ ಇಡೀ ತಲಿನ ಇಳಿಸಬೇಕಾಗ್ತದ. ಒಂದು ರಾತ್ರಿ ಉಳಸಲಿಕ್ಕೆ ಹೋಗಿ ವಾರಗಟ್ಟಲೆ ಗಾಡಿ ಇಲ್ಲದಂಗ ಆಗೋದು ಇಲ್ಲೆ.

"ಹಂಗಾರ ಇರಲಿ ಬಿಡು, ಆವಾಜ ತಾನ ಬರ್ತದ" ಅನ್ನೋರೂ ಇದ್ದಾರ. ಅದು ಮಾತ್ರ ಬ್ಯಾಡ್ರಿ. ಸೈಲೆನ್ಸರ್ ಜೋಡಣಿ ಸೋರಿದ್ರ ಬರೇ ಆವಾಜ ಅಲ್ಲ, ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿ ಗಾಡಿ ಒಳಗ ಬರಬಹುದು. ಅದಕ್ಕ ಬಣ್ಣ ಇಲ್ಲ, ವಾಸನಿ ಇಲ್ಲ. ತಲಿನೋವು, ಚಕ್ಕರ, ಹೊಟ್ಟಿ ತೊಳಸೋದು ಇಷ್ಟ ಗುರ್ತು. ಹುಡುಗುರು ಹಿಂದ ಕೂತು "ತಲಿ ನೋಯ್ತದ ಅವ್ವಾ" ಅಂದ್ರ, ಸೈಲೆನ್ಸರ್ ಆವಾಜನೂ ಬದಲಾಗಿದ್ರ, ಕಿಟಕಿ ತೆಗದು ಗಾಡಿ ನಿಲ್ಲಸ್ರಿ, ಬಂದ್ ಮಾಡ್ರಿ, ಎಲ್ಲಾರೂ ಕೆಳಗ ಇಳೀರಿ.

ಇನ್ನ ಮನ್ಯಾಗಿನ ಗಂಡಸರ ರವಿವಾರದ ಉತ್ಸಾಹ. ಮೊಬೈಲಿನಾಗ ವಿಡಿಯೋ ನೋಡಿ, ಗಾಡಿ ಜೋಡಿ ಬಂದ ಜಾಕ್ ಕೊಟ್ಟು, ಕೆಳಗ ಹೊಕ್ಕು ಪಾನಾ ಜಗ್ಗತಾರ. ಆ ಜಾಕ್ ಇರೋದು ಟೈರ್ ಬದಲಿಸಲಿಕ್ಕೆ, ಮನಿಷ್ಯಾ ಕೆಳಗ ಮಲಗಲಿಕ್ಕಲ್ಲ. ಕೂತ ಬೋಲ್ಟ್ ಜಗ್ಗಿದಾಗ ಇಡೀ ಗಾಡಿ ಅಳ್ಳಾಡ್ತದ, ಜಾಕ್ ಜಾರಿದ್ರ ಮುಗೀತು. ಮ್ಯಾಲಿಂದ ಜಂಗಿನ ಚೂರು ಕಣ್ಣಾಗ ಬೀಳ್ತದ. ಅಂಥಾ ಹೊತ್ತಿನಾಗ "ಹೊರಗ ಬರ್ರಿ" ಅಂತ ಜಬರಿಸಿ ಹೇಳೋದು ನಮ್ಮ ಕೆಲಸ. ಸಿಟ್ಟಿಗೆದ್ರೂ ಏಳಲಿ.

ಮೋಸ ಮಾಡೋರು ಇಲ್ಲ ಅಂತ ಅಲ್ಲ, ಇದ್ದಾರ. ಅದಕ್ಕ ಗಾಡಿ ಬಿಡೋ ಮುಂಚೆ ಕೇಳ್ರಿ: ಯಾವ ಬೋಲ್ಟ್, ತೋರಸ್ತೀರೇನು? ಮುರದ್ರ ಖರ್ಚು ಎಷ್ಟು? ಹೊಸಾ ನಟ್, ಬೋಲ್ಟ್, ಗ್ಯಾಸ್ಕೆಟ್ ಹಾಕ್ತೀರೇನು? ಕೂಡಸುವಾಗ ತಾಮ್ರದ ಪುಡಿ ಇರೋ ಗ್ರೀಸ್ ಹಚ್ಚತೀರೇನು? ಈ ಗ್ರೀಸ್ ಹಚ್ಚಿದ್ರ ಮುಂದಿನ ಸಲ ಬಿಚ್ಚಲಿಕ್ಕೆ ಹಗುರ ಆಗ್ತದ. ಹಳೇ ಸಾಮಾನು ತಿರುಗಿ ಇಸಗೋರಿ. ಸೈಲೆನ್ಸರ್ ಸಾಲಿನಾಗಿನ ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸಿದ್ರಂತೂ ಬಿಡಲೇಬ್ಯಾಡ್ರಿ, ಅದರಾಗ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರ್ತಾವ.

ಇಷ್ಟಕ್ಕ ಸರಿಯಾಗಿ ಉತ್ತರ ಕೊಟ್ಟವನ ಜೋಡಿ ಮಜೂರಿಗೆ ಚೌಕಾಶಿ ಮಾಡ್ಲಿಕ್ಕೆ ಹೋಗಬ್ಯಾಡ್ರಿ. ಬೋಲ್ಟಿನ ರೇಟು ಕಮ್ಮಿನ, ಆದ್ರ ಅದನ್ನ ಮುರಿದಂಗ ತೆಗಿಯೋ ಸೈರಣಿಗೆ ರೇಟ್ ಕೊಡಲೇಬೇಕು. ದಿನಾ ಹೊಗಿ ಮುಂದ ನಿಂತು ಅಡಗಿ ಮಾಡೋ ನಮಗ ಸೈರಣಿ ಕೆಲಸದ ಬೆಲೆ ಬ್ಯಾರೆಯವರು ಹೇಳಿ ಕೊಡಬೇಕೇನ್ರಿ?