ಪೆಟ್ಟಿಗೆಯ ಮೇಲಿನ ಸ್ಟಿಕ್ಕರೂ, ಬಿಲ್ಲಿನಲ್ಲಿಲ್ಲದ ನಂಬರೂ

ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನಿಂದ ಕೈಕಂಬದ ಕಡೆಗೆ ನಡೆದುಕೊಂಡು ಹೋಗುವವರ ಕಣ್ಣಿಗೆ ಎರಡೂ ಬದಿಯ ಬ್ಯಾನರುಗಳು ಬೀಳದೆ ಇರುವುದಿಲ್ಲ. ಬ್ರಹ್ಮಕಲಶ, ನೇಮ, ಕಂಬಳ, ಶಾಲಾ ವಾರ್ಷಿಕೋತ್ಸವ, ಹೊಸ ಅಂಗಡಿಯ ಶುಭಾರಂಭ, ಕಡೆಗೆ ಯಾರದೋ ಹುಟ್ಟುಹಬ್ಬ. ಸರಕಾರ 2016ರ ಮಾರ್ಚಿನಲ್ಲಿ ಫ್ಲೆಕ್ಸನ್ನು ನಿಷೇಧಿಸಿತು. ನಿಷೇಧ ಕಡತದಲ್ಲಿ ಉಳಿಯಿತು, ಫ್ಲೆಕ್ಸು ರಸ್ತೆಯಲ್ಲಿ ಉಳಿಯಿತು. ಅದು ಬೇರೆಯೇ ಕತೆ, ಇನ್ನೊಂದು ದಿನಕ್ಕಿರಲಿ.

ಇವನ್ನೆಲ್ಲ ಬರೆಯುವವರು ಯಾರು? ಹಿಂದೆ ಬೋರ್ಡು ಬರೆಯುವ ಆರ್ಟಿಸ್ಟರು ಏಣಿ ಹತ್ತಿ ಬರೆಯುವುದು ಊರಿಗೇ ಕಾಣುತ್ತಿತ್ತು. ಕೆಳಗೆ ನಿಂತ ನಾಲ್ಕು ಮಂದಿ "ಒತ್ತಕ್ಷರ ತಪ್ಪಿತು ಮಾರಾಯ್ರೆ" ಎಂದು ತಿದ್ದುವುದೂ ಉಂಟಿತ್ತು. ಈಗಿನ ಆರ್ಟಿಸ್ಟರು ಮನೆಯ ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ರಾತ್ರಿ ಎರಡು ಗಂಟೆಯವರೆಗೆ ಕೂತಿರುತ್ತಾರೆ. ಬೆಳ್ತಂಗಡಿಯಲ್ಲಿ ಮದುವೆ ಆಲ್ಬಂ ಮಾಡುವ ಹುಡುಗ, ಸಿದ್ಧಕಟ್ಟೆಯಿಂದ ಮೂಡುಬಿದಿರೆಗೆ ಬಸ್ಸಿನಲ್ಲಿ ಹೋಗಿ ದೃಶ್ಯಕಲೆ ಕಲಿಯುವ ಹುಡುಗಿ, ಮೇಳದ ಆಟಕ್ಕೆ ಪೋಸ್ಟರು ಮಾಡಿಕೊಡುವವರು, ಮಕ್ಕಳ ಪುಸ್ತಕಕ್ಕೆ ಚಿತ್ರ ಬಿಡಿಸಿ ಬೆಂಗಳೂರಿಗೆ ಕಳಿಸುವವರು - ಎಲ್ಲರ ಕುಂಚವೂ ಈಗ ಕಂಪ್ಯೂಟರೇ. ಆಳ್ವಾಸ್‌ನಲ್ಲಿ ದೃಶ್ಯಕಲಾ ವಿಭಾಗ ಉಂಟು, ಉಜಿರೆಯ ಎಸ್‌ಡಿಎಂನಲ್ಲಿ ಡಿಜಿಟಲ್ ಮೀಡಿಯಾ ಕಲಿಸುತ್ತಾರೆ. ಕಲಿತು ಹೊರಬಂದವರು ಮೊದಲು ಮಾಡುವ ಖರ್ಚು ಮನೆಗೊಂದು ಕಂಪ್ಯೂಟರು.

ಕೈತುಂಬ ಸಂಬಳದವನಿಗೆ ಅದೊಂದು ಸಾಮಾನು. ಈ ಹುಡುಗರ ಮನೆಗಳಲ್ಲಿ ಹಾಗಲ್ಲ. ಅಮ್ಮ ಬೀಡಿ ಕಟ್ಟಿ ಮಾಡಿಸಿದ ಬಳೆ ಸೊಸೈಟಿಯ ಕಪಾಟಿಗೆ ಹೋಗುತ್ತದೆ, ಅಲ್ಲಿಂದ ಬಂದ ದುಡ್ಡು ಕಂಪ್ಯೂಟರ್ ಅಂಗಡಿಗೆ ಹೋಗುತ್ತದೆ. ಬಳೆ ಬಿಡಿಸಿಕೊಳ್ಳುವ ಮೊದಲೇ ಕಂಪ್ಯೂಟರು ಮುದಿಯಾದರೆ ಏನು ಗತಿ? ಹಾಗೆ ಆಗುತ್ತಿರುವುದು ಒಂದೆರಡು ಮನೆಗಳಲ್ಲಿ ಅಲ್ಲ. ಅದರ ಮೂಲ ಹುಡುಕಿದರೆ ಹೆಚ್ಚಾಗಿ ಸಿಗುವುದು ಪ್ರೊಸೆಸರ್ ಎಂಬ ಬೆಂಕಿಪೊಟ್ಟಣದಷ್ಟಿನ ಚೂರು, ಅದನ್ನು ಆರಿಸಿದ ರೀತಿ.

ಅಂಗಡಿಯಲ್ಲಿ ನಡೆಯುವ ಮಾತು ಹೀಗೆ: "ಐ7 ಉಂಟು, ಹದಿನಾರು ಜಿಬಿ ಉಂಟು, ಇನ್ನೆಂತ ಬೇಕು ನಿಮಗೆ?" ಪೆಟ್ಟಿಗೆಯ ಮೇಲೆ ಹೊಳೆಯುವ ಸ್ಟಿಕ್ಕರು, ಒಳಗೆ ಬಣ್ಣಬಣ್ಣದ ಲೈಟು. ಹುಡುಗನಿಗೆ ಖುಷಿ, ಅಪ್ಪನಿಗೆ ರೇಟು ಕಡಿಮೆಯೆಂದು ಸಮಾಧಾನ. ಐ7 ಎಂಬುದು ಒಂದು ಪ್ರೊಸೆಸರಿನ ಹೆಸರಲ್ಲ, ಒಂದು ಮನೆತನದ ಹೆಸರು ಎಂದು ಯಾರೂ ಹೇಳುವುದಿಲ್ಲ. ಐ7-3770 ಎಂಬುದು 2012ರದ್ದು. ಐ3-12100 ಎಂಬುದು 2022ರದ್ದು. ಎರಡರಲ್ಲಿಯೂ ನಾಲ್ಕೇ ಕೋರು. ಆದರೆ ಚಿಕ್ಕವನೆನಿಸಿಕೊಂಡ ಐ3 ಆ ಹಳೆಯ ಐ7ನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ನಗರಗಳ ಕಚೇರಿಗಳು ಮಾರಿದ ಹಳೆ ಪ್ರೊಸೆಸರಿಗೆ ಹೊಸ ಪೆಟ್ಟಿಗೆ ತೊಡಿಸಿ "ಐ7 ಸೆಟ್" ಎಂದು ಮಾರುವ ವ್ಯಾಪಾರ ನಿಂತಿರುವುದೇ ಈ ಅಜ್ಞಾನದ ಮೇಲೆ. ಐದಂಕಿಯ ನಂಬರಿನಲ್ಲಿ ಮೊದಲ ಎರಡು ಅಂಕಿ ತಲೆಮಾರು - 12400 ಎಂದರೆ ಹನ್ನೆರಡನೆಯದು. ನಾಲ್ಕೇ ಅಂಕಿ ಇದ್ದರೆ ಮೊದಲ ಅಂಕಿಯೇ ತಲೆಮಾರು. ಕೊನೆಗೆ ಎಫ್ ಅಕ್ಷರ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಹಾಕದೆ ಪರದೆಯಲ್ಲಿ ಏನೂ ಕಾಣದು. ಇಷ್ಟು ಓದಲು ಇಂಜಿನಿಯರಾಗಬೇಕಿಲ್ಲ. ಬಸ್ಸಿನ ಬೋರ್ಡು ಓದುವವರು ಓದಬಹುದು.

ಹಳೆ ಪ್ರೊಸೆಸರ್ ಕೊಂಡವರಿಗೆ ಇನ್ನೊಂದು ಪೆಟ್ಟು ಬಿದ್ದದ್ದು 2025ರ ಅಕ್ಟೋಬರ್ 14ರಂದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ ಆ ದಿನ ಮುಗಿಯಿತು. ವಿಂಡೋಸ್ 11ಕ್ಕೆ ಹೋಗೋಣ ಎಂದರೆ ಇಂಟೆಲಿನಲ್ಲಿ ಸುಮಾರಾಗಿ ಎಂಟನೇ ತಲೆಮಾರಿನಿಂದ ಈಚಿನವಕ್ಕೆ, ಎಎಂಡಿಯಲ್ಲಿ ರೈಜನ್ 2000ದಿಂದ ಈಚಿನವಕ್ಕೆ ಮಾತ್ರ ಅಧಿಕೃತ ಪ್ರವೇಶ. ಕೆಲಸ ಮಾಡಿಕೊಂಡಿದ್ದ ಎಷ್ಟೋ ಯಂತ್ರಗಳು ಹೀಗೆ ಬಾಗಿಲ ಹೊರಗೆ ಉಳಿದವು. ಲಿನಕ್ಸ್ ಹಾಕಿ, ದುಡ್ಡಿಲ್ಲದೆ ಸಿಗುವ ಕೃತಾದಲ್ಲಿ ಚಿತ್ರ ಬಿಡಿಸುವ ಜಾಣರೂ ಇದ್ದಾರೆ. ಆದರೆ ಫ್ಲೆಕ್ಸ್ ಪ್ರೆಸ್ಸಿನವ ಕೋರೆಲ್‌ಡ್ರಾ ಫೈಲನ್ನೇ ಕೇಳಿದರೆ ಆ ಜಾಣತನ ಅಲ್ಲಿಗೆ ನಿಲ್ಲುತ್ತದೆ.

ಹಾಗಾದರೆ ಎಂಥದ್ದು ಕೊಳ್ಳಬೇಕು? ಅತಿ ದೊಡ್ಡದನ್ನೇ ಕೊಂಡರೆ ಅತಿ ಹೆಚ್ಚು ಬಾಳುತ್ತದೆ ಎಂಬ ನಂಬಿಕೆ ಒಂದು ಉಂಟು. ಅದು ತಪ್ಪು. ಬಸ್ಸಿನ ಲೆಕ್ಕದಲ್ಲಿ ನೋಡಿದರೆ ಸುಲಭ. ಬೆಳ್ತಂಗಡಿಯಿಂದ ಒಬ್ಬ ಮನುಷ್ಯ ಬೇಗ ಮಂಗಳೂರು ಸೇರಬೇಕು ಎಂದರೆ ಇಪ್ಪತ್ತು ಬಸ್ಸು ಬಿಟ್ಟು ಉಪಯೋಗವಿಲ್ಲ, ಒಂದು ಬಸ್ಸು ಜೋರಾಗಿ ಹೋಗಬೇಕು. ಫೋಟೋಶಾಪಿನಲ್ಲಿ, ಕೃತಾದಲ್ಲಿ ಕುಂಚ ಎಳೆಯುವುದು ಹೆಚ್ಚುಕಡಿಮೆ ಈ ಬಗೆಯ ಪ್ರಯಾಣ. ಅಲ್ಲಿ ಬೇಕಾದದ್ದು ಒಂದೊಂದು ಕೋರಿನ ವೇಗ, ಕೋರುಗಳ ಸಂಖ್ಯೆಯಲ್ಲ. ಮೂಡುಬಿದಿರೆಯ ಕಡಲಕೆರೆಯಲ್ಲಿ ಕಂಬಳ ಮುಗಿದ ಮೇಲೆ ಊರಿಗೆ ಊರೇ ಮನೆಗೆ ಹೊರಡುತ್ತದಲ್ಲ, ಆಗ ಮಾತ್ರ ಬಸ್ಸು ಎಷ್ಟಿದ್ದರೂ ಸಾಲದು. ವೀಡಿಯೋ ಎಡಿಟಿಂಗ್ ಮುಗಿಸಿ ಹೊರತೆಗೆಯುವುದು, ಬ್ಲೆಂಡರಿನಲ್ಲಿ ತ್ರೀಡಿ ಚಿತ್ರ ಬೇಯಿಸುವುದು ಆ ಬಗೆಯ ಕೆಲಸ. ಅದರಲ್ಲಿಯೂ ಈಗ ಹೆಚ್ಚಿನ ಭಾರವನ್ನು ಗ್ರಾಫಿಕ್ಸ್ ಕಾರ್ಡೇ ಹೊರುತ್ತದೆ. ಆಲ್ಬಂ, ಪೋಸ್ಟರು, ಚಿತ್ರ ಬಿಡಿಸುವವರಿಗೆ ಹೊಸ ತಲೆಮಾರಿನ ಆರು ಕೋರು ಸಾಕು, ಎಂಟಾದರೆ ಧಾರಾಳ. ಇಪ್ಪತ್ತನಾಲ್ಕು ಕೋರಿನ ಐ9 ಕೊಂಡು ಬ್ಯಾನರು ಮಾಡುವುದು ಒಬ್ಬನೇ ಪ್ರಯಾಣಿಕನಿಗೆ ಸ್ಪೆಷಲ್ ಬಸ್ಸು ಬಿಟ್ಟ ಹಾಗೆ.

ಬ್ಯಾನರು ಮಾಡುವಾಗ ಯಂತ್ರ ಏದುಸಿರು ಬಿಡುವುದು ಹೆಚ್ಚಾಗಿ ಪ್ರೊಸೆಸರಿನಿಂದಲ್ಲ, ರ್‍ಯಾಮಿನಿಂದ. 20 ಅಡಿ ಉದ್ದ 10 ಅಡಿ ಎತ್ತರದ ಫ್ಲೆಕ್ಸನ್ನು ಇಂಚಿಗೆ 72 ಚುಕ್ಕಿಯಂತೆ, ನಾಲ್ಕು ಬಣ್ಣದ ಲೆಕ್ಕದಲ್ಲಿ ಮಾಡಿದರೆ ಒಂದೇ ಪದರಕ್ಕೆ ಸುಮಾರು 600 ಎಂಬಿ ಆಗುತ್ತದೆ. ಅಧ್ಯಕ್ಷರ ಫೋಟೋ ಒಂದು ಪದರ, ಗೌರವಾಧ್ಯಕ್ಷರದ್ದು ಒಂದು, ಸಮಿತಿಯ ಹದಿನೆಂಟು ಮಂದಿಯದ್ದು ಹದಿನೆಂಟು ಪದರ ಎಂದಾದರೆ 8 ಜಿಬಿ ಎಲ್ಲಿಗೆ ಸಾಕು? 32 ಜಿಬಿ ಹಾಕುವುದು ಒಳ್ಳೆಯದು. 2025ರ ಕೊನೆಗೆ ರ್‍ಯಾಮಿನ ಬೆಲೆ ಒಂದೇ ಸಮನೆ ಏರಿತು. ಲೋಕದ ಎಐ ಕಂಪೆನಿಗಳೆಲ್ಲ ಮೆಮರಿ ಚಿಪ್ಪಿನ ಹಿಂದೆ ಬಿದ್ದದ್ದರ ಬಿಸಿ ಬಂಟ್ವಾಳ ಪೇಟೆಗೂ ತಟ್ಟಿತು. ಹಾಗಾಗಿ ಒಂದೇ ಸಲಕ್ಕೆ ಹಾಕಲಾಗದವರು 16 ಜಿಬಿಯ ಒಂದು ಕಡ್ಡಿ ಹಾಕಿ, ಇನ್ನೊಂದಕ್ಕೆ ಜಾಗ ಖಾಲಿ ಬಿಡುವುದು ಮೇಲು.

ಬಾಳಿಕೆಯ ಗುಟ್ಟು ಇರುವುದು ಬೇರೆ ಕಡೆ. ಬಸ್ಸಿನ ಚಾಸಿ ಗಟ್ಟಿ ಇದ್ದರೆ ಇಂಜಿನ್ ಬದಲಿಸಿ ಇನ್ನೂ ಐದು ವರ್ಷ ಓಡಿಸಬಹುದಲ್ಲ, ಹಾಗೆಯೇ ಮದರ್‌ಬೋರ್ಡಿನ ಸಾಕೆಟ್. ಎಎಂಡಿ ಕಂಪೆನಿ 2017ರಲ್ಲಿ ಎಎಂ4 ಸಾಕೆಟಿನಲ್ಲಿ ಮೊದಲ ರೈಜನ್ ತಂದಿತು. ಆಗ ಕೊಂಡ ಎಷ್ಟೋ ಬೋರ್ಡುಗಳಿಗೆ ಬಯೋಸ್ ಅಪ್‌ಡೇಟ್ ಮಾಡಿ 2022ರ ಪ್ರೊಸೆಸರನ್ನು ಕೂರಿಸಲು ಆಯಿತು. ಇಂಟೆಲ್ ಅದೇ ಕಾಲದಲ್ಲಿ 2017ರಲ್ಲಿ, 2020ರಲ್ಲಿ, 2021ರಲ್ಲಿ, ಮತ್ತೆ 2024ರಲ್ಲಿ ಹೊಸ ಬೋರ್ಡೇ ಬೇಕು ಎಂದಿತು. ಈಗಿನ ಎಎಂ5 ಸಾಕೆಟು 2022ರಲ್ಲಿ ಬಂದದ್ದು. 2027 ಮತ್ತು ಅದರಾಚೆಗೂ ಅದನ್ನು ನಡೆಸುತ್ತೇವೆ ಎಂದು ಕಂಪೆನಿ ಹೇಳಿದೆ. ಇವತ್ತು ರೈಜನ್ 5 7600ರಂಥ ಆರು ಕೋರಿನದ್ದನ್ನು ಹಾಕಿ, ನಾಲ್ಕು ವರ್ಷದ ಮೇಲೆ ಅದೇ ಬೋರ್ಡಿಗೆ ಹೊಸದನ್ನು ಕೂರಿಸಿ ಹಳೆಯದನ್ನು ಮಾರಿದರೆ ಎಂಟು ವರ್ಷ ದಾಟುವುದು ಕಷ್ಟವಲ್ಲ. ಅಷ್ಟು ಕೈಗೂಡದವರಿಗೆ ಐ5-12400 ಈಗಲೂ ಮರ್ಯಾದೆಯ ಪ್ರೊಸೆಸರೇ. ಆ ಸಾಕೆಟಿನ ದಾರಿ ಮುಗಿದಿದೆ, ಮುಂದೆ ಹೊಸ ತಲೆಮಾರು ಅದಕ್ಕೆ ಬಾರದು, ಅಷ್ಟು ತಿಳಿದು ಕೊಂಡರಾಯಿತು.

ದೊಡ್ಡದಕ್ಕೆ ಹೋದವರ ಪಾಡು 2024ರಲ್ಲಿ ಲೋಕವೇ ನೋಡಿತು. ಇಂಟೆಲಿನ 13 ಮತ್ತು 14ನೇ ತಲೆಮಾರಿನ ದೊಡ್ಡ ಡೆಸ್ಕ್‌ಟಾಪ್ ಪ್ರೊಸೆಸರುಗಳು ಒಳಗೊಳಗೇ ಹೆಚ್ಚು ವೋಲ್ಟೇಜ್ ಎಳೆದು ಹಾಳಾಗುತ್ತಿದ್ದವು. ಕಂಪೆನಿಯೇ ಒಪ್ಪಿಕೊಂಡು ತಿದ್ದುಪಡಿ ಬಿಟ್ಟಿತು, ವಾರಂಟಿಯನ್ನು ಇನ್ನೆರಡು ವರ್ಷ ಹೆಚ್ಚಿಸಿತು. ಅಂಥದ್ದು ಸೆಕೆಂಡ್‌ಹ್ಯಾಂಡ್ ಆಗಿ ಅಗ್ಗಕ್ಕೆ ಸಿಗುತ್ತದೆಂದು ಬಲೆಗೆ ಬೀಳುವವರು ಮೊದಲಿನ ಮಾಲಕ ಬಯೋಸ್ ಅಪ್‌ಡೇಟ್ ಮಾಡಿದ್ದಾನೋ ಇಲ್ಲವೋ ಎಂದು ಯಾರನ್ನು ಕೇಳುವುದು? ಮೇಲಾಗಿ ಐ9-14900ಕೆ ಜೋರು ಹಿಡಿದರೆ 253 ವ್ಯಾಟ್ ನುಂಗಬಲ್ಲದು. 65 ವ್ಯಾಟಿನ ವರ್ಗದ ಪ್ರೊಸೆಸರು ಅಷ್ಟು ನುಂಗುವುದಿಲ್ಲ. ಏಪ್ರಿಲ್ ತಿಂಗಳ ಸೆಕೆಯಲ್ಲಿ, ಏಸಿ ಇಲ್ಲದ ಹೆಂಚಿನ ಮನೆಯಲ್ಲಿ, 600 ವಿಎ ಯುಪಿಎಸ್ ಇಟ್ಟುಕೊಂಡು ಕೆಲಸ ಮಾಡುವವರಿಗೆ ಯಾವುದು ಹೊಂದುತ್ತದೆ ಎಂದು ಹೇಳಬೇಕಾಗಿಲ್ಲ.

ಒಂದು ಮಾತು ಅಂಗಡಿಯವರೂ ಗಿರಾಕಿಗಳೂ ಮರೆಯುತ್ತಾರೆ. ಪ್ರೊಸೆಸರು ತಾನಾಗಿ ಸಾಯುವುದು ಅಪರೂಪ. ಮೊದಲು ಹೋಗುವುದು ಎಸ್‌ಎಂಪಿಎಸ್, ಫ್ಯಾನು, ಡಿಸ್ಕು, ಬೋರ್ಡು. ಇಲ್ಲಿಯ ಸಿಡಿಲು ಮಿಂಚು ಯಾರಿಗೆ ಗೊತ್ತಿಲ್ಲ? ತುಲಾ ತಿಂಗಳ ಸಂಜೆ ಒಂದು ಸಲ ಹೊಡೆದರೆ ಐ9 ಎಂದು ಅದು ಹೆದರುವುದಿಲ್ಲ. ಪ್ರೊಸೆಸರಿಗೆ ಹೆಚ್ಚುವರಿ ಹತ್ತು ಸಾವಿರ ಸುರಿಯುವ ಬದಲು ಅದರ ಅರ್ಧದಲ್ಲಿ ಒಳ್ಳೆಯ ಎಸ್‌ಎಂಪಿಎಸ್ ಹಾಕಿಸಿ, ಮನೆಯ ಅರ್ತಿಂಗ್ ಸರಿಮಾಡಿಸಿದರೆ ಯಂತ್ರದ ಆಯುಷ್ಯ ಹೆಚ್ಚುತ್ತದೆ. ಮಳೆಗಾಲದ ತೇವಕ್ಕೆ ವಾರಕ್ಕೆ ನಾಲ್ಕು ದಿನವಾದರೂ ಯಂತ್ರ ಓಡಬೇಕು. ಪೆಟ್ಟಿಗೆಯೊಳಗೆ ಹಲ್ಲಿ, ಇರುವೆ ಸೇರದಂತೆ ನೋಡಬೇಕು. ನೆಲದ ಮೇಲಂತೂ ಇಡಬಾರದು. 1923 ಮತ್ತು 1974ರ ನೆರೆ ಕಂಡ ಬಂಟ್ವಾಳ ಪೇಟೆಯವರಿಗೆ ಇದನ್ನು ಬೇರೆ ಹೇಳಿಕೊಡಬೇಕೆ? ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರು ಮೇಲು ಎನ್ನುವುದೂ ಇದಕ್ಕೇ. ಕಾರ್ಡ್ ಸುಟ್ಟರೂ ಬೋರ್ಡು ಉಳಿದಿದ್ದರೆ ಪರದೆ ಉಳಿಯುತ್ತದೆ, ನಾಳೆ ಕೊಡಬೇಕಾದ ಪೋಸ್ಟರು ಉಳಿಯುತ್ತದೆ.

ಮೂಡುಬಿದಿರೆಯಲ್ಲಿ 12ನೇ ಶತಮಾನದ ಧವಲಾ ತಾಳೆಗರಿಗಳಿವೆ, ಅವುಗಳಲ್ಲಿ ಬಣ್ಣದ ಚಿತ್ರಗಳೂ ಇವೆ. ಒಂಬೈನೂರು ವರ್ಷ ಬಾಳುವ ಕಂಪ್ಯೂಟರು ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಎಂಟು ವರ್ಷ ಸಾಕು.

ಈಗ ಬಿಲ್ಲಿನ ವಿಷಯ. ಅದೇ ಅಮ್ಮ ಬಳೆ ಕೊಳ್ಳುವಾಗ ಚಿನ್ನದಂಗಡಿಯಲ್ಲಿ 916 ಮುದ್ರೆ ನೋಡಿದ್ದಾರೆ, ತೂಕ ಬರೆಸಿಕೊಂಡಿದ್ದಾರೆ. ಆ ಬಳೆ ಅಡವಿಟ್ಟು ಕೊಂಡ ಕಂಪ್ಯೂಟರಿನ ಬಿಲ್ಲಿನಲ್ಲಿ ಇರುವುದು "ಐ7 ಕಂಪ್ಯೂಟರ್ ಸೆಟ್, 1" ಎಂದು ಒಂದೇ ಸಾಲು! ಕೆಲವು ಕಡೆ ಬಿಲ್ಲೇ ಇಲ್ಲ, ಚೀಟಿ ಮಾತ್ರ. ಮೂರು ತಿಂಗಳ ಮೇಲೆ ತಕರಾರು ಬಂದರೆ ಏನನ್ನು ತೋರಿಸುವುದು? ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದರೂ ಐ7 ಕೇಳಿದ್ದ, ಐ7 ಕೊಟ್ಟಿದ್ದಾರೆ, ಅಷ್ಟೇ ಅಲ್ಲವೇ? ಪ್ರೊಸೆಸರಿನ ಪೂರ್ತಿ ನಂಬರು, ಮದರ್‌ಬೋರ್ಡಿನ ಮಾದರಿ, ಎಸ್‌ಎಂಪಿಎಸ್‌ನ ಹೆಸರು, ಹೊಸತೋ ಹಳೆಯದೋ ಎಂಬುದು, ಪ್ರೊಸೆಸರು ಕಂಪೆನಿಯ ಬಾಕ್ಸಿನದ್ದೋ ಬಿಡಿ ಟ್ರೇಯದ್ದೋ ಎಂಬುದು ಬಿಲ್ಲಿನಲ್ಲಿ ಬರಬೇಕು. ಬಾಕ್ಸಿನದ್ದಕ್ಕೆ ಕಂಪೆನಿಯ ಮೂರು ವರ್ಷದ ವಾರಂಟಿ ಉಂಟು. ಟ್ರೇಯದ್ದಕ್ಕೆ ಸಾಮಾನ್ಯವಾಗಿ ಅಂಗಡಿಯವನ ಬಾಯಿಮಾತೇ ವಾರಂಟಿ.

ಅಂಗಡಿಯವರದ್ದೂ ಒಂದು ಮಾತುಂಟು, ಅದನ್ನು ಕೇಳದಿದ್ದರೆ ಅನ್ಯಾಯವಾದೀತು. ಗಿರಾಕಿ ಮೊಬೈಲಿನಲ್ಲಿ ಆನ್‌ಲೈನ್ ರೇಟು ಹಿಡಿದುಕೊಂಡೇ ಒಳಗೆ ಬರುತ್ತಾನೆ. "ಇಪ್ಪತ್ತು ಸಾವಿರಕ್ಕೆ ಐ7 ಬೇಕು" ಎಂದು ಹಟ ಹಿಡಿಯುತ್ತಾನೆ. ಸಿಗುವುದಿಲ್ಲ ಎಂದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ನಿಯತ್ತಿನವ ವ್ಯಾಪಾರ ಕಳಕೊಳ್ಳುತ್ತಾನೆ. ಇದು ಸುಳ್ಳಲ್ಲ. ಆದರೆ ಇದಕ್ಕೆ ಮದ್ದು ಕೂಡ ಬಿಲ್ಲಿನಲ್ಲಿಯೇ ಉಂಟು. ಪೇಟೆಯ ಎಲ್ಲ ಅಂಗಡಿಗಳೂ ಪೂರ್ತಿ ನಂಬರು ಬರೆಯತೊಡಗಿದರೆ ಪಕ್ಕದವನ ಅಗ್ಗದ ಗುಟ್ಟು ತಾನಾಗಿ ಹೊರಬೀಳುತ್ತದೆ. ವರ್ತಕರ ಸಂಘಗಳು ಒಂದು ಸಭೆಯಲ್ಲಿ ತೀರ್ಮಾನಿಸಬಹುದಾದ ಕೆಲಸ ಇದು. ಸಾಲ ಕೊಡುವ ಸೊಸೈಟಿಗಳು ಕೊಟೇಶನಿನಲ್ಲಿ ಈ ನಂಬರು ಇಲ್ಲದಿದ್ದರೆ ವಾಪಸು ಕಳಿಸಲಿ. ಹಸುವಿಗೆ ಸಾಲ ಕೊಡುವಾಗ ಕಿವಿಯ ಟ್ಯಾಗ್ ನಂಬರು ಕೇಳುವವರಿಗೆ ಇದೇನು ಹೊಸತಲ್ಲ. ಕಾಲೇಜುಗಳು ಸೇರ್ಪಡೆಯ ದಿನವೇ ಒಂದು ಹಾಳೆಯಲ್ಲಿ, ಕನ್ನಡದಲ್ಲಿ, ಯಾವ ಕೆಲಸಕ್ಕೆ ಯಾವ ದರ್ಜೆಯ ಪ್ರೊಸೆಸರು ಸಾಕು ಎಂದು ಅಚ್ಚು ಹಾಕಿ ಪೋಷಕರ ಕೈಗೆ ಕೊಡಲಿ. ಸಾವಿರಗಟ್ಟಲೆ ಫೀಸು ತೆಗೆದುಕೊಳ್ಳುವಲ್ಲಿ ಒಂದು ಹಾಳೆ ದೊಡ್ಡದೇ?

ಗಿರಾಕಿಗೆ ಮಾಡಲಿಕ್ಕಿರುವುದು ಎರಡೇ ನಿಮಿಷದ ಕೆಲಸ. ದುಡ್ಡು ಎಣಿಸುವ ಮೊದಲು ಅಂಗಡಿಯಲ್ಲಿಯೇ ಯಂತ್ರ ಚಾಲೂ ಮಾಡಿಸಿ, ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಎಂಬಲ್ಲಿ ಒತ್ತಿದರೆ ಪ್ರೊಸೆಸರಿನ ಪೂರ್ತಿ ಹೆಸರು ಕಾಣುತ್ತದೆ. ಅದನ್ನೂ ಬಿಲ್ಲನ್ನೂ ತಾಳೆ ನೋಡಬೇಕು. "ಸಂಶಯವಾ ನಿಮಗೆ?" ಎಂದು ಅಂಗಡಿಯವರು ಮುಖ ಗಂಟು ಹಾಕಿದರೆ ಹಾಕಲಿ.

ಕೊಳ್ಳಲು ಹೊತ್ತೂ ನೋಡಬೇಕು. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಬ್ಯಾನರು, ಪೋಸ್ಟರಿನ ಕೆಲಸ ಇಳಿಯುತ್ತದೆ. ನಾಲ್ಕು ಅಂಗಡಿಯಲ್ಲಿ ನಂಬರು ಸಹಿತ ಕೊಟೇಶನ್ ತೆಗೆದುಕೊಳ್ಳಲು ಆಗ ಪುರುಸೊತ್ತು ಉಂಟು. ಆಟಿ, ಸೋಣದೊಳಗೆ ಸೆಟ್ಟು ಮನೆಗೆ ಬಂದರೆ ಎರಡು ತಿಂಗಳು ಓಡಿಸಿ ನೋಡಲು ಸಿಗುತ್ತದೆ. ಕೆಟ್ಟ ಭಾಗ ಏನಾದರೂ ಇದ್ದರೆ ವಾರಂಟಿಗೆ ಕಳಿಸಿ ತರಿಸಲು ಕೆಲವೊಮ್ಮೆ ವಾರಗಟ್ಟಲೆ ಹಿಡಿಯುತ್ತದೆ. ದೀಪಾವಳಿ ಕಳೆದು ಕಂಬಳದ ಆರ್ಡರುಗಳು ಸುರುವಾದ ಮೇಲೆ ಹಾಗೆ ಕಾಯಲು ಯಾರಿಗೂ ಆಗುವುದಿಲ್ಲ.