ಸೌದೆ ತೂಗ್ತೀರೋ, ನೀರು ತೂಗ್ತೀರೋ?

ತೋಟಗಳಲ್ಲಿ ಮರಗಸಿ ಆಯಿತೆಂದರೆ ಸಕಲೇಶಪುರ, ಆಲೂರು, ಬೇಲೂರು ಕಡೆಯಿಂದ ಹಾಸನಕ್ಕೆ ಸೌದೆ ಇಳಿಯತೊಡಗುತ್ತದೆ. ಭಾರೀ ದಿಮ್ಮಿಯೇನಲ್ಲ ಸ್ವಾಮಿ. ಸಿಲ್ವರ್ ಓಕ್ ರೆಂಬೆ, ಹಾಲುವಾಣದ ಕೊಂಬೆ, ಮಣಿಕಟ್ಟು ಗಾತ್ರದ್ದು, ತೋಳು ಗಾತ್ರದ್ದು. ಬಯಲುಸೀಮೆ ಕಡೆಯಿಂದ ಬರೋದು ನೀಲಗಿರಿ ಗಳ. ಹೊಸದಾಗಿ ನೀಲಗಿರಿ ನೆಡಕೂಡದೆಂದು ಸರ್ಕಾರ 2017ರಲ್ಲೇ ಅಪ್ಪಣೆ ಮಾಡಿತು. ಆದರೆ ಹಳೇ ಬುಡಕ್ಕೆ ಅಪ್ಪಣೆ ಓದೋಕೆ ಬರಲ್ಲವಲ್ಲ, ಕಡಿದಷ್ಟೂ ಚಿಗುರುತ್ತದೆ.

ಗ್ಯಾಸ್ ಬಂದ ಮೇಲೆ ಸೌದೆ ಯಾರಿಗೆ ಬೇಕು ಅಂತೀರಾ? ಬೇಕರಿಯವರನ್ನು ಕೇಳಿ, ಕಲ್ಯಾಣ ಮಂಟಪದ ಅಡಿಗೆ ಭಟ್ಟರನ್ನು ಕೇಳಿ, ಬಚ್ಚಲ ಹಂಡೆಗೆ ಉರಿ ಹಾಕುವವರನ್ನು ಕೇಳಿ. ಕಡೆಗೆ ಸ್ಮಶಾನಕ್ಕೂ ಬೇಕು.

ಈ ಸಣ್ಣ ಸೌದೆಯ ವ್ಯಾಪಾರ ನಮ್ಮಲ್ಲಿ ತಲೆಕೆಳಗಾಗಿ ನಡೆದಿದೆ. ಮೊದಲು ಹಸಿ ಗಳವನ್ನೇ ತೂಗುವುದು, ಆಮೇಲೆ ತುಂಡು ಮಾಡುವುದು, ಒಣಗಿಸುವ ಕೆಲಸ ಗಿರಾಕಿಯ ತಲೆಗೆ. ಲೆಕ್ಕ ಹಾಕಿ ನೋಡೋಣ. ಆಗ ತಾನೇ ಕಡಿದ ಮರದಲ್ಲಿ ಹೆಚ್ಚುಕಡಿಮೆ ಅರ್ಧ ತೂಕ ನೀರೇ. 100 ಕೆಜಿ ತಂದರೆ ಮರ 50 ಕೆಜಿ. ಅದು ಚೆನ್ನಾಗಿ ಒಣಗಿ ನೂರಕ್ಕೆ 20ರಷ್ಟು ತೇವ ಉಳಿದಾಗ ತೂಕ 62 ಕೆಜಿ ಚಿಲ್ಲರೆ. ಮಿಕ್ಕ 37 ಕೆಜಿ ಚಿಲ್ಲರೆ ಬರೀ ನೀರು! ಕ್ವಿಂಟಾಲಿಗೆ 600 ರೂಪಾಯಿ ಅಂತಿಟ್ಟುಕೊಂಡರೆ 225 ರೂಪಾಯಿ ನೀರಿಗೆ ಹೋಯಿತು. ಒಲೆಗೆ ಹಾಕಿದ ಮೇಲೂ ನಷ್ಟ ನಿಲ್ಲುವುದಿಲ್ಲ. ಆ ನೀರನ್ನು ಆವಿ ಮಾಡೋಕೆ ಸೌದೆಯದೇ ಶಾಖ ಖರ್ಚಾಗಬೇಕು. ಮಿಕ್ಕಿದ್ದು ಹೊಗೆ, ಊದುವವರ ಕಣ್ಣಿಗೆ.

ಇದಕ್ಕೆ ದೊಡ್ಡ ಯಂತ್ರವೇನೂ ಬೇಡ. ಹಸಿಯಲ್ಲೇ ತುಂಡು ಮಾಡಿ. ಹಸಿ ಮರ ಗರಗಸಕ್ಕೆ ಮೆತ್ತಗೆ, ಒಣಗಿದ ನೀಲಗಿರಿಯಂತೂ ಕಬ್ಬಿಣ. ತೊಗಟೆ ನೀರನ್ನು ಹಿಡಿದಿಡುತ್ತೆ, ಕೊಯ್ದ ತುದಿಯಿಂದ ನೀರು ಬೇಗ ಹೊರಡುತ್ತೆ. ಉದ್ದ ಗಳ ತಿಂಗಳುಗಟ್ಟಲೆ ಒಳಗೊಳಗೇ ಹಸಿ, ಒಂದೂವರೆ ಅಡಿ ತುಂಡು ಬೇಗ ಗರಿ ಗರಿ. ನಾಲ್ಕು ಇಂಚಿಗಿಂತ ದಪ್ಪ ಇದ್ದರೆ ಎರಡು ಹೋಳು ಮಾಡಿ, ಸಾಕು. ಸಣ್ಣದಕ್ಕೆ ಕೊಡಲಿ ಎತ್ತುವುದು ದಂಡ, ಏಟು ಬಿದ್ದ ಗಳ ಎಗರಿ ಮೊಣಕಾಲಿಗೇ ಬಡಿಯುತ್ತೆ. ಎರಡು ಇಂಚಿನ ಒಳಗಿನದಕ್ಕೆ ಕೊರಡಿನ ಮೇಲೆ ಮಚ್ಚಿನೇಟು ಸಾಕು.

ಉಳಿದದ್ದಕ್ಕೆ ಕಟ್ಟು. ಇಂಟೂ ಮಾರ್ಕಿನ ಹಾಗೆ ಜೋಡಿಸಿದ ಎರಡು ಮೂರು ಜೊತೆ ಗೂಟದ ಮೇಲೆ 20 ಗಳ ಪೇರಿಸಿ, ಎರಡು ಕಡೆ ಹಗ್ಗ ಬಿಗಿದು, ಒಟ್ಟಿಗೇ ಕೊಯ್ಯಿರಿ. ಆರಡಿ ಗಳವನ್ನು ಒಂದೂವರೆ ಅಡಿ ಮಾಡಲು ಒಂದಕ್ಕೆ ಮೂರು ಕೊಯ್ತ. ಬಿಡಿಬಿಡಿಯಾಗಿ ಹಿಡಿದರೆ 60 ಸಲ ಎತ್ತು, ಇಡು, ಕೊಯ್ಯಿ. ಕಟ್ಟಿದರೆ ಮೂರೇ ಕೊಯ್ತ. ಕೈಗರಗಸವೋ, ಚೈನ್ ಗರಗಸವೋ, ನಿಮ್ಮ ಶಕ್ತ್ಯಾನುಸಾರ.

ಚಕ್ರ ಗರಗಸದ ಮಾತೇ ಬೇರೆ. ದುಂಡನೆಯ ಸಣ್ಣ ಗಳ ಚಕ್ರಕ್ಕೆ ತಗುಲಿದೊಡನೆ ಗರ್ರನೆ ಉರುಳುತ್ತದೆ, ಹಿಡಿದ ಕೈಯನ್ನೂ ಎಳೆದುಕೊಳ್ಳುತ್ತದೆ. ದಿಮ್ಮಿಗಿಂತ ಕಡ್ಡಿಯೇ ಅಪಾಯ ಅನ್ನೋದು ಇದಕ್ಕೇ. ಯಂತ್ರಕ್ಕೆ ಕಾಪು ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು. ಆದರೆ ಅದು ಕರೆಂಟ್ ಇದ್ದು ಹತ್ತು ಜನ ಕೆಲಸ ಮಾಡುವ ಕಡೆಗೆ. ಮೂರು ಜನರ ಡಿಪೋದಲ್ಲಿ ಬೆರಳು ಹೋದರೆ ಯಾವ ಕಡತದಲ್ಲಿ ಬರುತ್ತೆ? ಗಳವನ್ನು ಮಲಗಿಸಿ ಚಕ್ರದತ್ತ ವಾಲಿಸುವ ಒಂದು ಮರದ ತೊಟ್ಟಿಲು, ಚಕ್ರಕ್ಕೊಂದು ತಗಡಿನ ಟೋಪಿ. ಊರ ಬಡಗಿ, ವೆಲ್ಡಿಂಗ್ ಹುಡುಗ ಸೇರಿ ಮಾಡಿಕೊಡಬಲ್ಲರು. ಮಾಲೀಕರಿಗೆ ಇದೂ ಹೊರೆಯೇ?

ಒಲೆಯ ಮಾತಿಗೆ ಬಂದರೆ, 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಆಮೇಲೆ ಅಸ್ತ್ರ ಒಲೆ ರೂಪಿಸಿ ಹಳ್ಳಿಹಳ್ಳಿಗೆ ಕೊಟ್ಟರು. ಒಲೆ ಎಷ್ಟೇ ಜಾಣತನದ್ದಾದರೂ ಹಸಿ ಗಳ ತುರುಕಿದರೆ ಅದೇನು ಮಾಡೀತು?

ಡಿಪೋದವರು ಒಂದು ಆಕ್ಷೇಪ ತೆಗೀತಾರೆ: ಒಣಗಿಸುತ್ತಾ ಕೂತರೆ ಬಂಡವಾಳ ಕಟ್ಟಿಬೀಳುತ್ತೆ, ತೂಕ ಇಳಿಯುತ್ತೆ ಅಂತ. ನಿಜವೇ. ಹಾಗಾದರೆ ಒಣ ಸೌದೆಗೆ ಬೇರೆ ದರ, ಹಸಿಗೆ ಬೇರೆ ದರ ಅಂತ ಬೋರ್ಡು ಬರೆದು ಹಾಕಿ. ಗಿರಾಕಿ ದಡ್ಡನಲ್ಲ, ಹೆಚ್ಚು ಕೊಟ್ಟೇ ಒಣದನ್ನು ಒಯ್ಯುತ್ತಾನೆ. ಕೊಳ್ಳುವವರು ಎರಡು ತುಂಡು ಎತ್ತಿ ಒಂದಕ್ಕೊಂದು ಬಡಿದು ನೋಡಿ. ಠಣ್ ಅಂದರೆ ಒಣಗಿದೆ. ದಬ್ ಅಂದರೆ ಹಸಿಯ ದರ ಕೇಳಿ. ಮುಂಗಾರಿಗೆ ಮೊದಲು ಡಿಪೋಗಳ ಮೇಲೆ ನಾಲ್ಕು ತಗಡು, ಅಡಿಗೆ ಎರಡು ಸಾಲು ಇಟ್ಟಿಗೆ ಬೀಳಲಿ. ಬಯಲಲ್ಲಿ ನೆನೆದ ರಾಶಿಯನ್ನು ತಕ್ಕಡಿಗೆ ಹಾಕುವುದನ್ನು ಈ ಮಳೆಗಾಲವಾದರೂ ಬಿಡ್ತಾರೆಯೇ?